ಎರೆಹುಳು, ಜರಿ ಅಷ್ಟು ಹತ್ತಿರದ ನೆಂಟರಲ್ಲ

ಲೇಖನ ಚೆನ್ನಾಗಿದೆ. ಆದರೆ ಮೈಯಲ್ಲಿ ಉಂಗುರಗಳಿವೆ ಅಂತ ಎರೆಹುಳು, ಜರಿ ಎರಡನ್ನೂ ಹತ್ತಿರದ ನೆಂಟರು ಅಂದಿದ್ದೀರಲ್ಲ, ಅದು ಹಳೇ ಲೆಕ್ಕ. 19ನೇ ಶತಮಾನದ ಶುರುವಿನಲ್ಲಿ ಫ್ರಾನ್ಸಿನ ಪ್ರಾಣಿವಿಜ್ಞಾನಿ ಕುವಿಯೇ ಹಾಗೆ ಸೇರಿಸಿದ್ದರು. 1997ರಲ್ಲಿ ಜೀನ್ ಹೋಲಿಸಿ ನೋಡಿದಾಗ ಜರಿ, ಜೇಡ, ಏಡಿಗಳೆಲ್ಲ ಉಂಗುರವೇ ಇಲ್ಲದ ಜಂತುಹುಳುಗಳ ಗುಂಪಿಗೆ ಸೇರಿದವು! ಇವೆಲ್ಲ ಪೊರೆ ಬಿಟ್ಟು ಬೆಳೆಯುವಂಥವು. ಅಡುಗೆಮನೆಯಲ್ಲಿ ಒಮ್ಮೊಮ್ಮೆ ಕಾಣುವ ಬೆಳ್ಳಗಿನ ಜಿರಲೆ ಬೇರೆ ಜಾತಿಯಲ್ಲ, ಆಗಷ್ಟೇ ಪೊರೆ ಬಿಟ್ಟದ್ದು. ಎರೆಹುಳು ಹಾಗೆ ಪೊರೆ ಬಿಡಲ್ಲ, ಅದಕ್ಕೆ ಬಸವನಹುಳು, ಕಪ್ಪೆಚಿಪ್ಪುಗಳೇ ಹತ್ತಿರ. ಎರೆಹುಳುವಿನ ಹೊಟ್ಟೆಯ ಕಡೆ ಬಾಲದಿಂದ ತಲೆಯತ್ತ ಮೆಲ್ಲಗೆ ಬೆರಳಾಡಿಸಿ ನೋಡಿ, ಒರಟಾಗಿ ತಾಗುತ್ತದೆ, ಮಣ್ಣನ್ನು ಹಿಡಿದುಕೊಳ್ಳುವ ಸಣ್ಣ ಬಿರುಗೂದಲು ಅದು. ಇನ್ನು ಕತ್ತರಿಸಿದರೆ ಎರಡು ಎರೆಹುಳು ಆಗುತ್ತೆ ಅನ್ನೋ ಸಾಲನ್ನು ದಯವಿಟ್ಟು ತೆಗೆದುಬಿಡಿ. ಹಾಗಾಗಲ್ಲ, ಮಕ್ಕಳು ಓದಿ ಸುಮ್ನೆ ಹುಳುಗಳನ್ನು ಸಾಯಿಸ್ತಾರೆ.