ಸತ್ಯಾಂಶ: ರಣಜಿ ಆಟಗಾರರಿಗೆಲ್ಲ ಕೋಟಿ ಸಂಬಳವೇ?

ರಣಜಿ ಟ್ರೋಫಿ ಆಡುವ ಪ್ರತಿಯೊಬ್ಬರಿಗೂ ಬಿಸಿಸಿಐ ವರ್ಷಕ್ಕೆ ಕೋಟಿ ರೂಪಾಯಿ ಸಂಬಳ ಕೊಡುತ್ತದೆ ಎಂದು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುವ ಸಂದೇಶ ನಿಜವಲ್ಲ. ಕೋಟಿಗಳ ಮಾತು ಐಪಿಎಲ್ ಹರಾಜಿಗೆ ಮತ್ತು ಭಾರತ ತಂಡದ ವಾರ್ಷಿಕ ಗುತ್ತಿಗೆಗೆ ಸೇರಿದ್ದು; ರಣಜಿಯಲ್ಲಿ ಸಿಗುವುದು ದಿನದ ಲೆಕ್ಕದ ಪಂದ್ಯ ಶುಲ್ಕ. 2021ರಲ್ಲಿ ಪರಿಷ್ಕರಿಸಿದ ದರದಂತೆ, 40ಕ್ಕಿಂತ ಹೆಚ್ಚು ಪಂದ್ಯ ಆಡಿದ ಅನುಭವಿಗಳಿಗೆ ದಿನಕ್ಕೆ 60,000 ರೂಪಾಯಿ, 21ರಿಂದ 40 ಪಂದ್ಯ ಆಡಿದವರಿಗೆ 50,000, ಅದಕ್ಕಿಂತ ಹೊಸಬರಿಗೆ 40,000. ಈ ದರದಲ್ಲಿ, ಏಳು ಲೀಗ್ ಪಂದ್ಯಗಳನ್ನೂ ನಾಲ್ಕು ದಿನ ಪೂರ್ತಿ ಆಡಿದ ಹೊಸಬನ ಗಳಿಕೆ 11.2 ಲಕ್ಷ. ನನ್ನ ಮನಸ್ಸಿಗೆ ಹೆಚ್ಚು ತಟ್ಟುವುದು, ಹನ್ನೊಂದರ ಬಳಗದಲ್ಲಿ ಸ್ಥಾನ ಸಿಗದೆ, ನೀರಿನ ಬಾಟಲಿ ಹಿಡಿದು ಬೌಂಡರಿಯಾಚೆ ಕಾಯುವ ಹುಡುಗನ ಸ್ಥಿತಿ: ಅವನಿಗೆ ಸಲ್ಲುವುದು ಇದರ ಅರ್ಧ, ತಂಡಕ್ಕೇ ಆಯ್ಕೆಯಾಗದವನಿಗೆ ಅದೂ ಇಲ್ಲ.