ರಕ್ತಪಿಶಾಚಿಗೆ ಪೌತಿ ಖಾತೆ

ಕೊಡಗಿನ ಕಕ್ಕಡ ತಿಂಗಳು, ಜೋರು ಮಳೆಗಾಲ. ಕರೆಂಟು ಹೋಗಿ 3ನೇ ದಿನ. ಎಲ್ಲೋ ಲೈನಿನ ಮೇಲೆ ಸಿಲ್ವರ್ ಮರ ಬಿದ್ದಿದೆಯಂತೆ. ಫೋನಿನಲ್ಲಿ 14 ಪರ್ಸೆಂಟ್ ಚಾರ್ಜ್ ಉಳಿದಿದೆ. ನಾನು ಕಂಬಳಿ ಹೊದ್ದು ಪ್ರೇಮಕಾದಂಬರಿ ಓದುತ್ತಿದ್ದೇನೆ. 300 ವರ್ಷ ವಯಸ್ಸಾಗಿದ್ದರೂ 30ರವನಂತೆ ಕಾಣುವ ಒಬ್ಬ ಸುಂದರ ರಕ್ತಪಿಶಾಚಿ ನಾಯಕಿಯ ಕತ್ತಿನ ಹತ್ತಿರ ಬಾಗಿದ್ದಾನೆ. ಕಚ್ಚಲೋ ಬೇಡವೋ ಎಂದು ನಾಲ್ಕು ಪುಟದಿಂದ ಯೋಚಿಸುತ್ತಿದ್ದಾನೆ.

ಅಷ್ಟರಲ್ಲಿ ನಮ್ಮ ಮನೆಯವರು ತೋಟದಿಂದ ಬಂದು ಗಂಬೂಟು ಬಿಚ್ಚಿದರು. ಕಾಲೆಲ್ಲ ರಕ್ತ. ಮೀನಖಂಡದಲ್ಲಿ ಒಂದು, ಬೆರಳ ಸಂದಿಯಲ್ಲಿ ಎರಡು ಜಿಗಣೆ, ಕುಡಿದು ಕುಡಿದು ಕಪ್ಪು ದ್ರಾಕ್ಷಿಯಂತೆ ಉಬ್ಬಿಕೊಂಡಿದ್ದವು.

"ಉಪ್ಪು ಎಲ್ಲಿಟ್ಟಿದ್ದೀಯೇ?" ಎಂದರು.

ನಮ್ಮ ಜಿಗಣೆ ನಾಲ್ಕು ಪುಟ ಯೋಚಿಸುವುದಿಲ್ಲ. ಕಚ್ಚಿದ್ದು ಗೊತ್ತೇ ಆಗದಂತೆ ಕಚ್ಚುತ್ತದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಂಶ ಅದರ ಎಂಜಲಿನಲ್ಲೇ ಇದೆ. ಹೊಟ್ಟೆ ತುಂಬಿದ ಮೇಲೆ ತಾನಾಗಿ ಕಳಚಿಕೊಂಡು ಹೋಗುತ್ತದೆ, ಮದುವೆ ಗಿದುವೆ ಎಂದು ತಲೆ ತಿನ್ನುವುದಿಲ್ಲ. ಇಷ್ಟು ಯೋಗ್ಯತೆ ಇದ್ದರೂ ಜಿಗಣೆಯನ್ನು ನಾಯಕನಾಗಿಟ್ಟು ಯಾರೂ ಕಾದಂಬರಿ ಬರೆದಿಲ್ಲ. ಕೋಟು ಹಾಕುವುದಿಲ್ಲವಲ್ಲ, ಅದಕ್ಕೇ ಇರಬೇಕು.

ಮಳೆಗೂ ಈ ರಕ್ತಪಿಶಾಚಿಗೂ ಹಳೇ ನೆಂಟಸ್ತನ. 1815ರಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿಯಿತು. ಅದರಿಂದಾಗಿ ಮರುವರ್ಷ ಯುರೋಪಿಗೆ ಬೇಸಿಗೆಯೇ ಬರಲಿಲ್ಲ. ಜಿನೀವಾ ಸರೋವರದ ದಡಕ್ಕೆ ರಜೆಗೆಂದು ಬಂದಿದ್ದ ಇಂಗ್ಲಿಷ್ ಕವಿಗಳು ಮಳೆಗೆ ಹೊರಗೆ ಕಾಲಿಡಲಾಗದೆ ಒಳಗೇ ಕೂತು ದೆವ್ವದ ಕಥೆ ಕಟ್ಟಿದರು. ಅವರ ಜೊತೆಗಿದ್ದ ಡಾಕ್ಟರೊಬ್ಬ ಅದೇ ಗುಂಗಿನಲ್ಲಿ ಬರೆದ ಕಥೆ 1819ರಲ್ಲಿ ಅಚ್ಚಾಯಿತು. ಅದುವರೆಗೆ ಹಳ್ಳಿಯ ಗೋರಿಯಿಂದ ಎದ್ದು ಬರುವ ಕೊಳಕು ಹೆಣವಾಗಿದ್ದ ರಕ್ತಪಿಶಾಚಿ ಆ ಕಥೆಯಲ್ಲಿ ಒಳ್ಳೆ ಬಟ್ಟೆ ತೊಟ್ಟ ದೊಡ್ಡ ಮನೆತನದ ಗಂಡಸಾದ. ಒಂದೇ ಒಂದು ಮಳೆಗಾಲಕ್ಕೆ ಅವರಿಗೆ ಹೀಗಾಯಿತು. ನಾವು ಪ್ರತಿ ವರ್ಷ ಜೂನಿನಿಂದ ಸೆಪ್ಟೆಂಬರ್‌ವರೆಗೆ ಒಳಗೆ ಕೂರುತ್ತೇವೆ. ನಮಗೆ ಹುಟ್ಟಿದ್ದು ಹೋಂಸ್ಟೇ.

ಹಾಗೆ ನೋಡಿದರೆ ರಕ್ತಪಿಶಾಚಿಗೆ ಕೊಡಗಿನಂಥ ಊರು ಇನ್ನೊಂದಿಲ್ಲ. ಅವನಿಗೆ ಬಿಸಿಲಾಗದು. ಭಾಗಮಂಡಲದ ಕಡೆ ಜುಲೈನಲ್ಲಿ ಬಂದರೆ ವಾರಗಟ್ಟಲೆ ಹಗಲಲ್ಲೇ ಓಡಾಡಬಹುದು. ಕನ್ನಡಿಯಲ್ಲಿ ಅವನ ಮುಖ ಕಾಣಿಸುವುದಿಲ್ಲವಂತೆ. ಮಳೆಗಾಲದಲ್ಲಿ ನಮ್ಮ ಬಚ್ಚಲ ಕನ್ನಡಿಯಲ್ಲಿ ಯಾರ ಮುಖ ಕಾಣುತ್ತದೆ? ಮನೆಯವರು ಕರೆಯದೆ ಅವನು ಹೊಸ್ತಿಲು ದಾಟುವಂತಿಲ್ಲ ಎಂಬುದು ಇನ್ನೊಂದು ನಿಯಮ. ಇಲ್ಲಿ ಗೇಟಿನ ಹತ್ತಿರ ನಿಂತರೆ ಸಾಕು, ಹೆಸರು ಕೇಳುವ ಮೊದಲು "ಬನ್ನಿ, ಕಾಫಿ ಕುಡೀರಿ" ಎಂದಿರುತ್ತೇವೆ. ಬೆಳ್ಳುಳ್ಳಿ ಒಂದೇ ಕಷ್ಟ. ಪಂದಿಕರಿ ಬೇಯುವ ಮನೆಯ ಒಲೆ ಕಡೆ ಅವನು ಸುಳಿಯದಿದ್ದರೆ ಆಯಿತು.

ನಾನು ಇಂಥದ್ದು ಓದುತ್ತೇನೆ ಎಂದು ಗೊತ್ತಾದ ದಿನದಿಂದ ಬುದ್ಧಿ ಹೇಳುವವರಿಗೆ ಲೆಕ್ಕವಿಲ್ಲ. ಹೋದ ವರ್ಷ ಒಂದು ಸಭೆಗೆ ಹೋಗಿದ್ದೆ. ವಿಷಯ, ಓದಿನ ಅಭಿರುಚಿ ಹಾಳಾಗುತ್ತಿರುವುದು. ಹಿರಿಯರೊಬ್ಬರು ಮೈಕಿನ ಕುತ್ತಿಗೆ ಹಿಡಿದು, "ಕೊಡಗಿನ ಗೌರಮ್ಮ ಹುಟ್ಟಿದ ನೆಲದಲ್ಲಿ ನಮ್ಮ ಹೆಣ್ಣುಮಕ್ಕಳು ತೋಳದ ಜೊತೆ ಪ್ರೇಮ ಮಾಡುವ ಕಥೆ ಓದುತ್ತಿದ್ದಾರೆ" ಎಂದು ಗದ್ಗದಿತರಾದರು. ಊಟಕ್ಕೆ ಕೂತಾಗ ಅವರ ಪಕ್ಕವೇ ಜಾಗ ಸಿಕ್ಕಿತು. "ಸರ್, ಗೌರಮ್ಮನವರ ಯಾವ ಕಥೆ ನಿಮಗೆ ಜಾಸ್ತಿ ಇಷ್ಟ?" ಎಂದು ಕೇಳಿದೆ. "ಎಲ್ಲಾನೂ" ಎಂದು ನೂಪುಟ್ಟಿನ ಕಡೆ ತಿರುಗಿದರು. 1939ರಲ್ಲಿ, ಬರೀ 27 ವರ್ಷಕ್ಕೆ ತೀರಿಕೊಂಡ ಆಕೆ ಬರೆದದ್ದು ಪ್ರೀತಿ, ಮದುವೆ, ವಿಧವೆಯರ ಪಾಡು. ಹೆಣ್ಣುಮಕ್ಕಳು ಇಂಥದ್ದನ್ನೆಲ್ಲ ಓದಿ ಕೆಡುತ್ತಾರೆ ಎಂದು ಆಗಲೂ ಯಾರಾದರೂ ಮೈಕಿಲ್ಲದೆ ಗೊಣಗಿರುತ್ತಾರೆ ಬಿಡಿ.

ಈ ಹಿರಿಯರ ಮನೆಗೂ ನಾನು ಹೋಗಿದ್ದೇನೆ. ಸಂಜೆ ಸೀರಿಯಲ್ಲಿನಲ್ಲಿ ಹಾವು ಸೀರೆ ಉಟ್ಟು ಹೆಣ್ಣಾಗುವ ಹೊತ್ತಿಗೆ ಅವರ ಮನೆಯಲ್ಲಿ ಯಾರೂ ಮಾತಾಡುವಂತಿಲ್ಲ. ಬೆಳಿಗ್ಗೆ ಟಿವಿಯ ಜ್ಯೋತಿಷಿ ಹಸಿರು ಕರ್ಚೀಫ್ ಎಂದರೆ ಹಸಿರೇ. ವಾಸ್ತು ಸರಿಯಿಲ್ಲ ಎಂದು ಒಳ್ಳೆ ಗಟ್ಟಿಮುಟ್ಟಾದ ಬಾವಿ ಮುಚ್ಚಿಸಿ, ಈಗ ಬೇಸಿಗೆಯಲ್ಲಿ ಟ್ಯಾಂಕರ್ ತರಿಸುತ್ತಾರೆ. ನಾನಾದರೂ ರಕ್ತಪಿಶಾಚಿಯ ಮಾತು ಕೇಳಿ ಬಾವಿ ಮುಚ್ಚಿಲ್ಲ.

ಇನ್ನು ಪ್ಯಾರಾನಾರ್ಮಲ್, ಅಂದರೆ ದೆವ್ವಭೂತದ ವಿಚಾರ, ನಮಗೆ ಇಂಗ್ಲಿಷಿನಿಂದ ಬರಬೇಕಿತ್ತೇ? ತೋಟದ ಮೂಲೆಯಲ್ಲಿ ಗುಳಿಗ ದೈವದ ಕಲ್ಲಿದೆ. ಸತ್ತ ಹಿರಿಯರಿಗೆ ವರ್ಷಕ್ಕೊಮ್ಮೆ ಎಡೆ ಇಡುತ್ತೇವೆ, ಅವರಿಗೆ ಬ್ರಾಂದಿ ಇಷ್ಟವಿತ್ತೋ ರಮ್ಮೋ ಎಂಬುದು ಕೂಡ ನೆನಪಿದೆ. ಆದರೆ ನಮ್ಮವರು ಗಂಭೀರಸ್ಥರು. ಗುಳಿಗ ಒಂದು ಕೋಳಿ ಕೇಳುತ್ತಾನೆ, ತಗೊಂಡು ತೆಪ್ಪಗಿರುತ್ತಾನೆ. ಮಧ್ಯರಾತ್ರಿ ಕಿಟಕಿ ಹತ್ತಿ ಬಂದು "ನಾನು ನಿನಗೆ ತಕ್ಕವನಲ್ಲ, ಆದರೂ ಬಿಟ್ಟಿರಲಾರೆ" ಎಂದು ಅಳುವುದಿಲ್ಲ.

ತೋಳದ ವಿಚಾರಕ್ಕೆ ಬರೋಣ. ಈ ಕಾದಂಬರಿಗಳಲ್ಲಿ ಹುಣ್ಣಿಮೆಗೆ ತೋಳವಾಗುವ ಗಂಡಸರಿರುತ್ತಾರೆ. ಅವರದೊಂದು ಗುಂಪು, ಗುಂಪಿಗೊಬ್ಬ ಆಲ್ಫಾ. ಅವನು ಗುರುಗುಟ್ಟಿದರೆ ಎಲ್ಲರೂ ಬಾಲ ಮುದುಡುತ್ತಾರೆ. ಅವನಿಗೆ ವಿಧಿ ಗೊತ್ತುಮಾಡಿದ ಒಬ್ಬಳೇ ಜೋಡಿ, ಅವಳನ್ನು ಅವನು ವಾಸನೆಯಿಂದಲೇ ಗುರುತು ಹಿಡಿಯುತ್ತಾನೆ. ಕೊಡಗಿನಲ್ಲಿ ಮೂಗಿಗೆ ಅಷ್ಟು ಕೆಲಸವಿಲ್ಲ. "ನೀವು ಯಾರ ಮನೆ?" ಎಂದು ಒಬ್ಬ ಅಜ್ಜಿ ಕೇಳಿದರೆ ಮುಗಿಯಿತು. ಮೂರು ನಿಮಿಷದಲ್ಲಿ ನಿಮ್ಮ ತಾಯಿಮನೆ, ತಾಯಿಯ ತಾಯಿಮನೆ, ವಿರಾಜಪೇಟೆಯ ಚಿಕ್ಕಮ್ಮನ ನಾದಿನಿ ಎಲ್ಲ ಹೊರಗೆ ಬಂದು, ನೀವಿಬ್ಬರೂ ಅಣ್ಣತಂಗಿ ಆಗಬೇಕು ಎಂದು ತೀರ್ಮಾನವಾಗಿರುತ್ತದೆ. ವಿಧಿ ಪಾಪ ಚಾವಡಿಯಲ್ಲಿ ಚಪ್ಪಲಿ ಹುಡುಕುತ್ತಿರುತ್ತದೆ.

ಆಲ್ಫಾನ ಕಥೆ ಇನ್ನೂ ಚೆನ್ನಾಗಿದೆ. ಬೋನಿನಲ್ಲಿಟ್ಟ, ಒಂದಕ್ಕೊಂದು ಗುರುತಿಲ್ಲದ ತೋಳಗಳು ಕಚ್ಚಾಡುವುದನ್ನು ನೋಡಿ ಹಿಂದಿನವರು ಈ ಲೆಕ್ಕ ಹಾಕಿದ್ದರು. ಅಮೆರಿಕದ ತೋಳ ವಿಜ್ಞಾನಿ ಡೇವಿಡ್ ಮೆಕ್ 1970ರ ತಮ್ಮ ಪುಸ್ತಕದಲ್ಲಿ ಅದನ್ನೇ ಬರೆದು ಜನಪ್ರಿಯ ಮಾಡಿದರು. ಆಮೇಲೆ ಕಾಡಿನ ತೋಳಗಳನ್ನು ವರ್ಷಗಟ್ಟಲೆ ನೋಡಿ, 1999ರಲ್ಲಿ ಅವರೇ ತಿದ್ದಿಕೊಂಡರು. ಕಾಡಿನ ಗುಂಪು ಎಂದರೆ ಸಾಮಾನ್ಯವಾಗಿ ಅಪ್ಪ, ಅಮ್ಮ, ಮಕ್ಕಳು. ಹೊಡೆದಾಡಿ ಗೆದ್ದ ಆಲ್ಫಾ ಎಂದು ನಾವು ಅಂದುಕೊಂಡಿದ್ದವನು ಆ ಮನೆಯ ಅಪ್ಪ.

ಅಂದರೆ ನಮ್ಮ ಪಟ್ಟೆದಾರರು! ಒಕ್ಕದ, ಅಂದರೆ ಮನೆತನದ, ಹಿರಿಯರು. ನನಗೆ ಗೊತ್ತಿರುವ ಒಬ್ಬ ಪಟ್ಟೆದಾರರ ಕೈಯಲ್ಲಿ ಯಾವಾಗಲೂ ಒಂದು ನೋಟ್‌ಬುಕ್ ಇರುತ್ತದೆ. ಒಕ್ಕದ ಮೂಲಮನೆಯಾದ ಐನ್‌ಮನೆಯ ಹೆಂಚು ಬದಲಿಸಲು ಯಾರು ಯಾರು ಇನ್ನೂ ದುಡ್ಡು ಕೊಟ್ಟಿಲ್ಲ ಎಂಬ ಪಟ್ಟಿ. ಅವರು ಗುರುಗುಟ್ಟಿದರೆ ಬೆಂಗಳೂರಿನಲ್ಲಿರುವ ಮರಿಗಳು ಫೋನ್ ಸೈಲೆಂಟಿಗೆ ಹಾಕುತ್ತವೆ. ಕಾದಂಬರಿಯಲ್ಲಿ ಆಲ್ಫಾ ಎದುರಿಗೆ ಬಂದರೆ ನಾಯಕಿಯ ಮಂಡಿ ನಡುಗುತ್ತದೆ. ಇಲ್ಲಿ ನಡುಗುವುದು ಪಟ್ಟೆದಾರರದೇ ಮಂಡಿ. ಆಪರೇಷನ್‌ಗೆ ಡೇಟ್ ಕೊಟ್ಟಿದ್ದಾರೆ.

ತೋಳ ಬಯಲುಸೀಮೆಯ ಪ್ರಾಣಿ ಎಂಬುದನ್ನೂ ಹೇಳಿಬಿಡಬೇಕು. ನಾಗರಹೊಳೆಯಲ್ಲಿ ಗುಂಪು ಕಟ್ಟಿಕೊಂಡು ಬೇಟೆಯಾಡುವುದು ಸೀಳುನಾಯಿ. ಯಾವನೋ ಒಬ್ಬ ತೋಳ-ಮನುಷ್ಯ ದಾರಿ ತಪ್ಪಿ ಹುಣ್ಣಿಮೆ ರಾತ್ರಿ ಸಿದ್ದಾಪುರದ ಕಡೆ ಬಂದ ಎಂದೇ ಇಟ್ಟುಕೊಳ್ಳಿ. ನಾಯಕಿಯ ಕಿಟಕಿ ತಲುಪುವ ಮೊದಲೇ ಕಾಫಿ ಗಿಡದ ಮಧ್ಯೆ ಆನೆ ಸಿಗುತ್ತದೆ. "ತೋಟದಲ್ಲಿ 7 ಆನೆ, 1 ಮರಿ, ಯಾರೂ ಹೊರಗೆ ಬರಬೇಡಿ" ಎಂದು ವಾಟ್ಸಾಪ್ ಗ್ರೂಪಿನಲ್ಲಿ ಸಂಜೆಯೇ ಬಂದಿರುತ್ತದೆ. ಅವನನ್ನು ಗ್ರೂಪಿಗೆ ಸೇರಿಸಿರುವುದಿಲ್ಲ, ಪಾಪ. ಆನೆ ದಾಟಿ ಬಂದರೂ ಗೋಡೆಯ ಮೇಲೆ ಮಾವನ ಕೋವಿ ಇದೆ.

ದೆವ್ವಭೂತ ಇಲ್ಲದ ಈ ಕಾಲದ ಪ್ರೇಮಕಥೆಗಳನ್ನೂ ನಾನು ಬಿಟ್ಟಿಲ್ಲ. ನಿಜ ಹೇಳಬೇಕೆಂದರೆ ಅವನ್ನು ನಂಬುವುದೇ ಹೆಚ್ಚು ಕಷ್ಟ. ನಾಯಕ ಕೋಟ್ಯಧಿಪತಿ, ವಯಸ್ಸು 32, ದೊಡ್ಡ ಕಂಪನಿಯ ಒಡೆಯ. ಆದರೆ ಮುನ್ನೂರು ಪುಟದಲ್ಲಿ ಒಂದು ದಿನವೂ ಕೆಲಸ ಮಾಡುವುದಿಲ್ಲ. ನಾಯಕಿಯ ಅಂಗಡಿಯ ಮುಂದೆ ಕಾರು ನಿಲ್ಲಿಸಿಕೊಂಡು ಕೂತಿರುತ್ತಾನೆ. ಲಂಡನ್ನಿನಲ್ಲಿ 1908ರಲ್ಲಿ ಶುರುವಾದ ಮಿಲ್ಸ್ ಅಂಡ್ ಬೂನ್ 1930ರ ದಶಕದಿಂದ ಪ್ರೇಮಕಥೆಗಳಿಗೇ ಗಂಟುಬಿದ್ದು ಕೂತಿದೆ. ಅಷ್ಟೂ ವರ್ಷ ಸೇರಿಸಿ ಆ ನಾಯಕರು ಮಾಡಿದ ಕೆಲಸ ನಮ್ಮ ತೋಟದ ಒಂದು ದಿನದ ಕಳೆ ಕೀಳುವಷ್ಟು ಆಗಲಿಕ್ಕಿಲ್ಲ.

ಅಂಥ ನಾಯಕ ಕಾಫಿ ಬೆಳೆಗಾರನಾಗಿದ್ದರೆ? ಮಾರ್ಚ್ ತಿಂಗಳಲ್ಲಿ ಅವನು ನಾಯಕಿಯ ಮುಖ ನೋಡುತ್ತಿರಲಿಲ್ಲ, ಆಕಾಶ ನೋಡುತ್ತಿದ್ದ. ಹೂಮಳೆ ಬರಬೇಕು. ನಮ್ಮ ಮನೆಯವರು ಮದುವೆಯಾದ ಹೊಸತರಲ್ಲಿ ರಾತ್ರಿ 2 ಗಂಟೆಗೆ ನನ್ನನ್ನು ಎಬ್ಬಿಸಿ, ಕಿವಿಯ ಹತ್ತಿರ ಬಗ್ಗಿ, ನಡುಗುವ ದನಿಯಲ್ಲಿ ಹೇಳಿದ ಮೊದಲ ಮಾತು, "1 ಇಂಚು 20 ಸೆಂಟು ಮಳೆ ಬಂತು ಕಣೇ." ಅದಾಗಿ ಒಂಬತ್ತು ದಿನಕ್ಕೆ ಇಡೀ ತೋಟ ಬೆಳ್ಳಗೆ ಹೂಬಿಟ್ಟು ಮಲ್ಲಿಗೆಯ ಹಾಗೆ ಘಮಘಮ ಎಂದಾಗ, ಹೋಗಲಿ ಪರವಾಗಿಲ್ಲ ಅನಿಸಿತು.

ಇನ್ನೊಂದು ಕಟ್ಟುಕಥೆ, ಮಳೆಗೆ ಸಿಕ್ಕ ನಾಯಕ ನಾಯಕಿ ಹೋಟೆಲಿಗೆ ಹೋದರೆ ಒಂದೇ ರೂಮು, ಒಂದೇ ಮಂಚ. ಓದುಗರೆಲ್ಲ ಉಸಿರು ಬಿಗಿಹಿಡಿಯುತ್ತಾರೆ. ಮಡಿಕೇರಿ ದಸರಾಕ್ಕೆ ಬಂದು ನೋಡಲಿ. ಒಂದೇ ಮಂಚ ಇರುತ್ತದೆ, ಎಂಟು ಜನ ಇರುತ್ತಾರೆ, ಗೀಸರ್ ಕೆಟ್ಟಿರುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ ಯಾಕೆ ಓದುತ್ತೀಯ ಎಂದರೆ, ಕೊನೆಯಲ್ಲಿ ಸುಖವಾಗುತ್ತದೆ. ಆಗಲೇಬೇಕು, ಅದು ಆ ಜಾತಿಯ ಕಾದಂಬರಿಯ ಕಟ್ಟುನಿಟ್ಟಿನ ಷರತ್ತು. ಮೆಣಸಿನ ರೇಟಿಗೆ ಗ್ಯಾರಂಟಿ ಇಲ್ಲ, ಗುಡ್ಡಕ್ಕೆ ಗ್ಯಾರಂಟಿ ಇಲ್ಲ. 2018ರ ಆಗಸ್ಟಿನಲ್ಲಿ ಗುಡ್ಡ ಜಾರಿದ್ದನ್ನು ನೋಡಿದವರು ನಾವು. ಹಾಗಿರುವಾಗ 300 ಪುಟ ಕಳೆದ ಮೇಲೆ ಇಬ್ಬರು ಚೆನ್ನಾಗಿರುತ್ತಾರೆ ಎಂದು ಯಾರೋ ಮೊದಲೇ ಬರೆದುಕೊಟ್ಟರೆ ಬೇಡ ಅನ್ನಲೇ?

ನನ್ನ ಜೊತೆಗೆ ಇದನ್ನೆಲ್ಲ ಕೇಳುವವರು ಅತ್ತೆ. 83 ವರ್ಷ, ಕಣ್ಣಿಗೆ ಪೊರೆ. ಕರೆಂಟಿಲ್ಲದ ರಾತ್ರಿ ನಾನು ಓದಿ ಕನ್ನಡದಲ್ಲಿ ಹೇಳಬೇಕು. ಕೆಲವು ಪುಟ ಹಾರಿಸುತ್ತೇನೆ. ಅವರಿಗೆ ಗೊತ್ತಾಗಿಬಿಡುತ್ತದೆ. "ಇಷ್ಟು ಬೇಗ ಬೆಳಗಾಯಿತಾ?" ಎನ್ನುತ್ತಾರೆ.

ಸಾಯದೆ ಇರುವ ನಾಯಕ ಎಂದರೆ ಅತ್ತೆಗೆ ಆಶ್ಚರ್ಯವೇ ಆಗಲಿಲ್ಲ. ಅವರ ಮಾವ ತೀರಿಕೊಂಡದ್ದು 1963ರಲ್ಲಿ. ಪಹಣಿಯಲ್ಲಿ ಇನ್ನೂ ಇದ್ದಾರೆ. ಪಹಣಿ ಕಂಪ್ಯೂಟರಿಗೆ ಹೋದಾಗ ಅಜ್ಜನೂ ಅದರ ಜೊತೆಗೇ ಹೋದರು. ಸತ್ತವರ ಜಮೀನು ವಾರಸುದಾರರ ಹೆಸರಿಗೆ ಬರುವಂತೆ ಪೌತಿ ಖಾತೆ ಮಾಡಿಸೋಣ ಎಂದು ನಾವು ಕಚೇರಿಗೆ ಹೋದೆವು.

"ಇವರ ಮರಣ ಪತ್ರ ತನ್ನಿ."

"1963ರದ್ದು ಎಲ್ಲಿ ಸಾರ್ ಸಿಗುತ್ತೆ?"

"ಹಾಗಾದರೆ ಸತ್ತಿದ್ದಕ್ಕೆ ದಾಖಲೆ ಇಲ್ಲ."

"ತೋಟದಲ್ಲಿ ಸಮಾಧಿ ಇದೆ."

"ಅದು ದಾಖಲೆ ಆಗಲ್ಲ ಮೇಡಂ. ವಂಶವೃಕ್ಷ ತನ್ನಿ, ಎಲ್ಲರ ಸಹಿ ಹಾಕಿಸಿ."

ವಂಶವೃಕ್ಷದಲ್ಲಿ 43 ಜನ. ಇಬ್ಬರು ದುಬೈಯಲ್ಲಿ, ಒಬ್ಬ ಆಸ್ಟ್ರೇಲಿಯಾದಲ್ಲಿ, ನಾಲ್ವರು ನಮ್ಮ ಜೊತೆ ಮಾತು ಬಿಟ್ಟವರು. ಅಲ್ಲಿಯವರೆಗೆ ಅಜ್ಜ ಅಮರ. ಕಾಫಿ ತೋಟ ಅವರ ಹೆಸರಲ್ಲಿದೆ, ಬೆಳೆ ವಿವರ ಅವರ ಹೆಸರಲ್ಲಿದೆ. ನನ್ನ ಪುಸ್ತಕದ ರಕ್ತಪಿಶಾಚಿಗೆ 300 ವರ್ಷದ ಆಸ್ತಿ ಹೇಗೆ ಉಳಿಯಿತು ಎಂದು ಬರೆದವರು ಎಲ್ಲೂ ವಿವರಿಸಿಲ್ಲ. ನನಗೆ ಈಗ ಅರ್ಥವಾಗಿದೆ.

ನವೆಂಬರ್ ಬಂತು. ನನ್ನ ಮಾವ ಸೈನ್ಯದಲ್ಲಿದ್ದವರು, ಅತ್ತೆಗೆ ಅವರ ಪಿಂಚಣಿ ಬರುತ್ತದೆ. ಬದುಕಿದ್ದೇನೆ ಎಂದು ವರ್ಷಕ್ಕೊಮ್ಮೆ ಜೀವಂತ ಪ್ರಮಾಣ ಪತ್ರ ಕೊಡಬೇಕು. ಕರೆದುಕೊಂಡು ಹೋದೆ. ಹುಡುಗ ಮೆಷಿನ್ ಮುಂದಿಟ್ಟ. ಅತ್ತೆ ಬಲಗೈ ಹೆಬ್ಬೆಟ್ಟು ಒತ್ತಿದರು, ಕೆಂಪು ದೀಪ. ಎಡಗೈ, ಕೆಂಪು ದೀಪ. ಅರವತ್ತು ವರ್ಷ ಕಾಫಿ ಕುಯ್ದು, ಮೆಣಸು ಬಿಡಿಸಿ, ಪಾತ್ರೆ ತಿಕ್ಕಿದ ಬೆರಳು, ಗೆರೆ ಎಲ್ಲಿಂದ ಬರಬೇಕು? ಹುಡುಗ ಒಳ್ಳೆಯವನು. ಫೋನಿನಲ್ಲಿ ಮುಖ ತೋರಿಸಿ ಮಾಡಬಹುದು ಎಂದ. "ಅಜ್ಜಿ, ಕಣ್ಣು ಮಿಟುಕಿಸಿ" ಎಂದ. ಅತ್ತೆ ಮಿಟುಕಿಸಿದರು. ಪೊರೆ ಬಂದ ಕಣ್ಣು, ಫೋನು ಒಪ್ಪಲಿಲ್ಲ. ಇನ್ನೊಮ್ಮೆ ಮಿಟುಕಿಸಿದರು. ಕೊನೆಗೆ ಸಾಲಿನಲ್ಲಿದ್ದ ಮಾಜಿ ಸುಬೇದಾರರೊಬ್ಬರು ಇದು ತಮಗೇ ಎಂದುಕೊಂಡು ನಕ್ಕರು.

ಅತ್ತೆ ಕುರ್ಚಿಯಲ್ಲಿ ಕೂತು ಹೆಬ್ಬೆಟ್ಟನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ನನ್ನ ಕಡೆ ಬಗ್ಗಿದರು.

"ಅಲ್ಲಾ, ನಿನ್ನ ಪುಸ್ತಕದಲ್ಲಿ ಇದ್ದಾನಲ್ಲ, ಮುನ್ನೂರು ವರ್ಷದವನು. ಅವನಿಗೆ ಹೆಬ್ಬೆಟ್ಟು ಬರುತ್ತಂತಾ?"

"ಬರುತ್ತೆ ಅತ್ತೆ," ಎಂದೆ. "ಅವನು ಒಂದು ದಿನಾನೂ ಕೆಲಸ ಮಾಡಿಲ್ಲವಲ್ಲ."