ಇಟ್ಟಿಗೆ ಚೂರಿಗೆ ಇಷ್ಟೊಂದು ಮಡಿ

ಒಡೆದ ಮನೆಯ ಇಟ್ಟಿಗೆ, ಗಾರೆ, ಕಾಂಕ್ರೀಟ್ ತುಂಡುಗಳನ್ನು ಪುಡಿಮಾಡಿ ಮತ್ತೆ ಬಳಸಬೇಕೇ ಬೇಡವೇ ಎಂಬುದನ್ನು ಚಿಕ್ಕಬಳ್ಳಾಪುರದಂಥ ಊರು ಅವಸರದಲ್ಲಿ ತೀರ್ಮಾನಿಸಬಾರದು. ಅವಸರಪಟ್ಟದ್ದು ಕೇಂದ್ರ ಸರ್ಕಾರ. ಅದು 2016ರಲ್ಲೇ ಕಟ್ಟಡ ತ್ಯಾಜ್ಯದ ನಿಯಮ ಹೊರಡಿಸಿ, ಐದು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳಿಗೂ ಸಂಸ್ಕರಣೆಯ ವ್ಯವಸ್ಥೆ ಮಾಡಿಕೊಳ್ಳಲು ಮೂರು ವರ್ಷದ ಗಡುವು ಕೊಟ್ಟಿತು. 2025ರಲ್ಲಿ ಅದರ ಜಾಗಕ್ಕೆ ಹೊಸ ನಿಯಮವೇ ಬಂದುಬಿಟ್ಟದ್ದರಿಂದ, ಹಳೆಯದನ್ನು ಓದದೆ ಬಿಟ್ಟವರ ದೂರದೃಷ್ಟಿಯನ್ನು ಮೆಚ್ಚಲೇಬೇಕು.

ಗುಣಮಟ್ಟದ ಅನುಮಾನವೂ ಇದೆಯಂತೆ. ಸರಳು ಹಾಕಿದ ಕಾಂಕ್ರೀಟಿನಲ್ಲಿ, ಎಂ25 ಎಂಬ ಬಲದ ದರ್ಜೆಯವರೆಗೆ, ಜಲ್ಲಿಯ ಶೇ 20ರಷ್ಟನ್ನು ಹಳೆಯ ಕಾಂಕ್ರೀಟ್ ಒಡೆದು ಪಡೆಯಬಹುದೆಂದು ಭಾರತೀಯ ಮಾನಕ ಬ್ಯೂರೋದ ಜಲ್ಲಿ-ಮರಳಿನ ಮಾನದಂಡ ಐಎಸ್ 383 ಹೇಳಿದರೂ ಗುತ್ತಿಗೆದಾರರ ಆತ್ಮಸಾಕ್ಷಿ ಒಪ್ಪುವುದಿಲ್ಲ. ಸಿಮೆಂಟ್ ಕಡಿಮೆ ಹಾಕುವಾಗ ನಿದ್ದೆಹೋಗಿದ್ದ ಆ ಆತ್ಮಸಾಕ್ಷಿ, ಹಳೆಯ ಜಲ್ಲಿ ಎಂದ ಕೂಡಲೇ ಎದ್ದು ಕೂರುತ್ತದೆ.

ಇತ್ತ ಜಿಲ್ಲೆಯ ಬೆಟ್ಟಗಳು ಕ್ರಷರಿನ ಬಾಯಿಗೆ ಬಿದ್ದು ಜಲ್ಲಿ, ಎಂ-ಸ್ಯಾಂಡ್ ಆಗುತ್ತಿವೆ. ಹೊಸ ಕಟ್ಟಡಕ್ಕೆ ಜಲ್ಲಿ ಸುರಿದ ಟಿಪ್ಪರ್ ಖಾಲಿ ಮರಳಿದರೆ ಡೀಸೆಲ್ ದಂಡವಲ್ಲವೇ? ಪಕ್ಕದ ಹಳೆಯ ಮನೆಯ ಡೆಬ್ರಿ ತುಂಬಿಕೊಂಡು ಕತ್ತಲಾದ ಮೇಲೆ ಕೆರೆಯಂಗಳಕ್ಕೆ ತಿರುಗುತ್ತದೆ. ಬೆಳಿಗ್ಗೆ ನೋಡಿದರೆ ರಾಶಿಯಲ್ಲಿ ನೀಲಿ ಸುಣ್ಣದ ಅರ್ಧ ಗೋಡೆ, ಮುರಿದ ಸ್ವಿಚ್ ಬೋರ್ಡ್, ಅರಿಶಿನ ಕುಂಕುಮ ಇನ್ನೂ ಮಾಸದ ಹೊಸ್ತಿಲಿನ ತುಂಡು. ಎಲ್ಲಿಗೆ ಹಾಕುತ್ತೀರಿ ಎಂದು ಮನೆಯವರು ವಿಚಾರಿಸಿದರೆ, “ಅದೆಲ್ಲ ನಾವು ನೋಡ್ಕೋತೀವಿ ಬಿಡಿ ಸ್ವಾಮಿ” ಎಂಬ ಉತ್ತರ ಸಿಗುತ್ತದೆ. ಈ ಉತ್ತರಕ್ಕೆ ಸಭೆಯೂ ಬೇಡ, ನಡಾವಳಿಯೂ ಬೇಡ.

ಹೆಬ್ಬಾಳ–ನಾಗವಾರ ಕಣಿವೆಯ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧೀಕರಿಸಿ ನಮ್ಮ ಕೆರೆಗಳಿಗೆ ಹರಿಸಿದಾಗ, ಮೂರನೆಯ ಹಂತವೂ ಬೇಕೆಂದು ಜನ ಕೂಗಿದರು. ಈ ನೀರೇ ಸಾಕೆಂದಿತು ವ್ಯವಸ್ಥೆ. ಅಷ್ಟು ಉದಾರವಾದ ವ್ಯವಸ್ಥೆಗೆ ಯಾರೂ ಕುಡಿಯದ ಇಟ್ಟಿಗೆ ಚೂರಿನ ಮರುಬಳಕೆಯಲ್ಲಿ ಮಾತ್ರ ಇಷ್ಟೊಂದು ಮಡಿ.

ಆದರೂ ಮರುಬಳಕೆಯೇ ಇಲ್ಲವೆಂದು ದೂರುವುದು ಅನ್ಯಾಯವಾದೀತು. ಹೀಗೆ ಹೂತ ಕೆರೆಯಂಚು ನಾಳೆ ಒತ್ತುವರಿಯಾಗಿ, ನಾಡಿದ್ದು ಬಡಾವಣೆಯಾಗಿ, ಅಲ್ಲಿ ಯಾರೋ ಸಾಲ ಮಾಡಿ ಮನೆ ಕಟ್ಟಿಸುವಾಗ, ಶೇ 20ರ ಮಿತಿಯ ಗೊಡವೆಯಿಲ್ಲದೆ ಪಾಯದ ಕೆಳಗೆ ನೂರಕ್ಕೆ ನೂರು ಹಳೆಯ ಕಟ್ಟಡವೇ ಇರುತ್ತದೆ.